ಮತಕರಿಯವರಿಗೊಂದು ಎರಡನೇ ವಿದಾಯ

ಮರಾಠಿಯ ಗೂಢಕಥೆಗಳ ಲೇಖಕ, ನಾಟಕಕಾರ ರತ್ನಾಕರ ಮತಕರಿಯವರು 2020ರ ಮೇ 17ರ ರಾತ್ರಿ ಮುಂಬಯಿಯ ಅಂಧೇರಿಯ ಸೆವೆನ್ ಹಿಲ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ 81 ವರ್ಷವಾಗಿತ್ತು. ಕೊರೊನಾ ಸೋಂಕಿನ ಮೊದಲ ಅಲೆಯ ದಿನಗಳು ಅವು. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಕೂಡದೆಂಬ ನಿಯಮ ಜಾರಿಯಲ್ಲಿತ್ತು. ಸೋಂಕಿನಿಂದ ಸತ್ತವರ ಮೈ ಮುಟ್ಟುವುದಕ್ಕೂ ಮುಖ ನೋಡುವುದಕ್ಕೂ ಕಟ್ಟುಪಾಡುಗಳಿದ್ದವು. ರಂಗಮಂದಿರಗಳಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಬೇರೆ ಯಾವ ವರ್ಷವಾಗಿದ್ದರೂ ಅವರ ನಾಟಕಗಳಲ್ಲಿ ಬಣ್ಣ ಹಚ್ಚಿದವರು, ಬಾಲ್ಯದಲ್ಲಿ ಅವರ ಮಕ್ಕಳ ನಾಟಕ ನೋಡಿದವರು, ರಾತ್ರಿ ದೀಪ ಆರಿಸಲು ಹೆದರುತ್ತಲೇ ಅವರ ಕಥೆ ಓದಿ ಮುಗಿಸಿದವರು ಸಾಲುಗಟ್ಟಿ ಬಂದು ಹೂವಿಟ್ಟು ಹೋಗುತ್ತಿದ್ದರು. ಆ ವರ್ಷ ಅಂಥ ಸಾಲು ನಿಲ್ಲುವಂತಿರಲಿಲ್ಲ.

ಕೊರೊನಾ ಕಾಲದಲ್ಲಿ ಹೀಗೆ ಹೋದವರು ಸಾವಿರಾರು ಜನ, ಇವರೊಬ್ಬರಿಗೇ ಏಕೆ ಮರುವಿದಾಯ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟು: ಸಾವಿನ ಭಯವನ್ನೇ ಕಥೆಯ ವಸ್ತುವಾಗಿಸಿಕೊಂಡು ಬದುಕಿದ ಒಬ್ಬ ಲೇಖಕ, ಇಡೀ ಊರು ಸಾವಿನ ಭಯದಲ್ಲಿ ಬಾಗಿಲು ಮುಚ್ಚಿ ಕೂತಿದ್ದ ಹೊತ್ತಿನಲ್ಲಿ ಹೋದರು. ಅವರ ನೆಪದಲ್ಲಿ ಆ ಊರು ತನ್ನ ಇತರ ಸಾವುಗಳನ್ನೂ ನೆನೆಯಬಹುದು. ಅವರ ಹೆಸರಿನಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಒಂದು ಪ್ರದರ್ಶನ ನಡೆಯಬೇಕು, ಲೇಖಕರ ಸಮಾಧಿಗಳಿರುವ ಸ್ಮಶಾನಗಳಿಗೆ ಒಂದು ನಡಿಗೆ ಏರ್ಪಡಬೇಕು. ಆದರೆ ಅದು ಭೂತ ತೋರಿಸುವ ಪ್ರವಾಸ ಆಗಕೂಡದು. ಜನರನ್ನು ಪುಸ್ತಕದವರೆಗೆ ಕರೆದೊಯ್ಯದ ಯಾವ ಸ್ಮರಣೆಯೂ ಸ್ಮಶಾನ ವೈರಾಗ್ಯದಷ್ಟೇ ಬಾಳುತ್ತದೆ. ಗೇಟು ದಾಟಿ ಬಸ್ಸು ಹತ್ತುವಷ್ಟರಲ್ಲಿ ಅದು ಮುಗಿದಿರುತ್ತದೆ.

ಬಾಲ್ಟಿಮೋರಿನ ಪಾಠ

ಇಂಥ ಸ್ಮರಣೆಯ ವಿಷಯದಲ್ಲಿ ಜಗತ್ತು ಮೊದಲು ನೋಡುವುದು ಅಮೆರಿಕದ ಬಾಲ್ಟಿಮೋರ್ ನಗರವನ್ನು. ಗಾಥಿಕ್ ಕಥೆಗಳ ದೊಡ್ಡ ಹೆಸರಾದ ಎಡ್ಗರ್ ಅಲನ್ ಪೋ ಸತ್ತದ್ದು ಅಲ್ಲಿ. 1849ರ ಅಕ್ಟೋಬರ್ 3, ಚುನಾವಣೆಯ ದಿನ. ಮತದಾನ ನಡೆಯುತ್ತಿದ್ದ ಹೆಂಡದಂಗಡಿಯೊಂದರ ಬಳಿ ಪೋ ಅರೆಪ್ರಜ್ಞೆಯಲ್ಲಿ, ತನ್ನದಲ್ಲದ ಬಟ್ಟೆಯಲ್ಲಿ ಸಿಕ್ಕಿದ. ನಾಲ್ಕು ದಿನದ ಮೇಲೆ ಆಸ್ಪತ್ರೆಯಲ್ಲಿ ಸತ್ತ. ವಯಸ್ಸು 40. ಕಾರಣ ಏನೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಮರುದಿನ ಮಣ್ಣು ಮಾಡುವಾಗ ಹತ್ತು ಜನರೂ ಇರಲಿಲ್ಲ. ಅದರ ಬೆನ್ನಿಗೇ ರೂಫಸ್ ಗ್ರಿಸ್ವಾಲ್ಡ್ ಎಂಬ ಪ್ರತಿಸ್ಪರ್ಧಿ ಸುಳ್ಳುಹೆಸರಿನಲ್ಲಿ ಪತ್ರಿಕೆಗೆ ಒಂದು ಮರಣಲೇಖನ ಬರೆದು ಸತ್ತವನ ಹೆಸರಿಗೆ ಮಸಿ ಬಳಿದ. ಬಹುಕಾಲ ಓದುಗರು ಪೋನನ್ನು ಕಂಡದ್ದು ಆ ವೈರಿಯ ಕಣ್ಣಿನಿಂದ.

ಗೋರಿಯ ಕಥೆಯೂ ಹಾಗೆಯೇ. ಬಂಧುವೊಬ್ಬ ಮಾಡಿಸಿಟ್ಟಿದ್ದ ಕಲ್ಲು, ಹಳಿ ತಪ್ಪಿದ ರೈಲು ಕಲ್ಲುಕುಟಿಗನ ಅಂಗಳಕ್ಕೆ ನುಗ್ಗಿದ್ದರಿಂದ ಪುಡಿಯಾಯಿತು. ಕೊನೆಗೆ ಊರಿನ ಶಿಕ್ಷಕರು, ಶಾಲಾಮಕ್ಕಳು ಕಾಸು ಕಾಸು ಕೂಡಿಸಿ 1875ರಲ್ಲಿ ಒಂದು ಸ್ಮಾರಕ ಎಬ್ಬಿಸಿದರು. ಹೆಸರಾಂತ ಕವಿಗಳಲ್ಲಿ ಅಂದು ಅಲ್ಲಿಗೆ ಬಂದವನು ವಾಲ್ಟ್ ವಿಟ್ಮನ್ ಒಬ್ಬನೇ. ಆ ಸ್ಮಾರಕದ ಮೇಲೆ ಪೋ ಹುಟ್ಟಿದ ದಿನವನ್ನು ಜನವರಿ 19ರ ಬದಲು 20 ಎಂದು ಕೆತ್ತಲಾಗಿದೆ. ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಸರಿಯಾಗಿರಬೇಕೆಂದೇನೂ ಇಲ್ಲ.

2009ರಲ್ಲಿ, ಪೋ ಹುಟ್ಟಿ 200 ವರ್ಷ, ಸತ್ತು 160 ವರ್ಷ ತುಂಬಿದಾಗ, ಬಾಲ್ಟಿಮೋರ್ ಅವನಿಗೆ ಎರಡನೇ ಅಂತ್ಯಕ್ರಿಯೆ ಮಾಡಿತು. ಅವನು ಬಾಳಿದ್ದ ಪುಟ್ಟ ಮನೆಯಲ್ಲಿ ಶವದ ಪ್ರತಿಕೃತಿಯೊಂದನ್ನು ದರ್ಶನಕ್ಕಿಟ್ಟರು. ಆಮೇಲೆ ಕುದುರೆಗಾಡಿಯಲ್ಲಿ ಮೆರವಣಿಗೆ ಮಾಡಿ ಸಮಾಧಿಯಿರುವ ವೆಸ್ಟ್‌ಮಿನ್‌ಸ್ಟರ್ ಆವರಣಕ್ಕೆ ಒಯ್ದರು. ಜನ ಹಿಡಿಸದೆ ಒಂದೇ ದಿನ ಎರಡು ಸಲ ಸಭೆ ಮಾಡಬೇಕಾಯಿತು. ನಟರು ಪೋನ ಕಾಲದ ಮತ್ತು ನಂತರದ ಲೇಖಕರ ವೇಷದಲ್ಲಿ ಬಂದು ಶ್ರದ್ಧಾಂಜಲಿ ಹೇಳಿದರು. ನಾಟಕವೇ ಸರಿ. ಆದರೂ ಆ ನಾಟಕದ ಹಿಂದೆ ಒಂದು ನಿಜವಾದ ಲೆಕ್ಕವಿತ್ತು: ಹತ್ತು ಜನರೂ ಬಾರದ ಸಾವಿಗೆ ನೂರಾರು ಜನ ಬಂದು ಬಾಕಿ ತೀರಿಸಿದ್ದರು.

ಆ ಸಂಭ್ರಮ ಮುಗಿದು ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಮನೆಗೆ ಬೀಗ ಬಿತ್ತು. ನಗರಾಡಳಿತ ಹಣ ಕೊಡುವುದನ್ನು ನಿಲ್ಲಿಸಿತ್ತು. 2012ರಲ್ಲಿ ಮುಚ್ಚಿದ ಪೋ ಮನೆ ಮರುವರ್ಷ ತೆರೆದದ್ದು ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆಯೊಂದು ಹೊಣೆ ಹೊತ್ತದ್ದರಿಂದ. ಅಂತ್ಯಕ್ರಿಯೆಗೆ ಸೇರಿದ ಜನ ಮನೆಯನ್ನು ಕಾಯಲಿಲ್ಲ. ಮುಂಬಯಿಯಲ್ಲಿ ಇಂಥದ್ದನ್ನು ಶುರು ಮಾಡುವವರು ಮೊದಲು ಗೋಡೆಗೆ ಅಂಟಿಸಿಕೊಳ್ಳಬೇಕಾದ ಪಾಠ ಇದು. ಒಂದು ದಿನದ ಗದ್ದಲ ಸುಲಭ. ಹನ್ನೊಂದನೇ ವರ್ಷ ಬಾಗಿಲು ತೆಗೆಯುವವರು ಯಾರು ಎನ್ನುವುದೇ ಕಷ್ಟದ ಪ್ರಶ್ನೆ.

ಫ್ಲ್ಯಾಟಿನೊಳಗಿನ ಭಯ

ಕನ್ನಡದ ಓದುಗರಲ್ಲಿ ಮತಕರಿಯವರ ಹೆಸರು ಕೇಳಿದವರು ಕಡಿಮೆ ಇರಬಹುದು. 1938ರ ನವೆಂಬರ್ 17ರಂದು ಮುಂಬಯಿಯಲ್ಲಿ ಹುಟ್ಟಿದ ಅವರು ಅರ್ಥಶಾಸ್ತ್ರ ಓದಿ, 1978ರವರೆಗೆ ಸುಮಾರು 20 ವರ್ಷ ಬ್ಯಾಂಕ್ ಆಫ್ ಇಂಡಿಯಾದಲ್ಲಿ ನೌಕರಿ ಮಾಡಿದರು. ಹಗಲು ಲೆಜರು, ಸಂಜೆ ತಾಲೀಮು, ರಾತ್ರಿ ಬರವಣಿಗೆ ಎನ್ನುವುದು ಆ ತಲೆಮಾರಿನ ಮುಂಬಯಿ ಲೇಖಕರ ದಿನಚರಿ. ಮಕ್ಕಳ ರಂಗಭೂಮಿಯನ್ನು ಮರಾಠಿಯಲ್ಲಿ ಗಟ್ಟಿಯಾಗಿ ಕಟ್ಟಿದವರಲ್ಲಿ ಅವರೂ ಒಬ್ಬರು. ಅವರ 'ಅಲಬತ್ಯಾ ಗಲಬತ್ಯಾ' ನಾಟಕದ ಮಾಟಗಾತಿಯನ್ನು ನೋಡಿ ನಕ್ಕ ಮಕ್ಕಳ ಮಕ್ಕಳು, 2018ರಲ್ಲಿ ಅದು ಮತ್ತೆ ರಂಗಕ್ಕೆ ಬಂದಾಗ ನಕ್ಕರು. ದೊಡ್ಡವರಿಗೆ 'ಲೋಕಕಥಾ 78' ಬರೆದು ಹಳ್ಳಿಯ ಜಾತಿ ದೌರ್ಜನ್ಯವನ್ನು ರಂಗದ ಮೇಲೆ ತಂದರು. ಠಾಣೆಯ ಕೊಳೆಗೇರಿಗಳ ಹುಡುಗ ಹುಡುಗಿಯರಿಂದ ಅವರದೇ ಬದುಕಿನ ನಾಟಕ ಮಾಡಿಸಿದರು.

ಆದರೆ ಓದುಗರ ನೆನಪಿನಲ್ಲಿ ಅವರು ಮೊದಲಿಗೆ ಗೂಢಕಥೆಗಳ ಮತಕರಿ. 'ಖೇಕಡಾ', 'ಮಧ್ಯರಾತ್ರೀಚೆ ಪಡಘಮ್' ಮುಂತಾದ ಸಂಕಲನಗಳು ಮರಾಠಿ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡಿದವು. ಭಯದ ಕಥೆಗೆ ಯುರೋಪಿನಲ್ಲಿ ಪಾಳುಕೋಟೆ ಬೇಕಾಗಿತ್ತು, ಕನ್ನಡದ ಜನಪದದಲ್ಲಿ ಹುಣಸೆಮರ, ಹಾಳುಬಾವಿ ಬೇಕಾಗಿದ್ದವು. ಮತಕರಿಯವರಿಗೆ ಮಧ್ಯಮ ವರ್ಗದ ಒಂದು ಮನೆ ಸಾಕಿತ್ತು. ಭೂತ ಬರುವುದು ಮನುಷ್ಯನ ಆಸೆ, ಅಸೂಯೆ, ಅಪರಾಧದ ಅಳುಕಿನಿಂದ ಎಂದು ತಿಳಿದಿದ್ದ ಲೇಖಕ ಅವರು. ತಮ್ಮ ಕಥೆಯನ್ನೇ ಆಧರಿಸಿ ಅವರು ನಿರ್ದೇಶಿಸಿದ 'ಇನ್ವೆಸ್ಟ್‌ಮೆಂಟ್' ಸಿನಿಮಾದಲ್ಲಿ ದೆವ್ವವೇ ಇಲ್ಲ. ಸಹಪಾಠಿಯ ಸಾವಿನ ಆರೋಪ ಹೊತ್ತ ಮಗನ ಭವಿಷ್ಯ ಕಾಪಾಡಲು ಹೊರಡುವ ಮಹತ್ವಾಕಾಂಕ್ಷಿ ತಂದೆತಾಯಿ ಇದ್ದಾರೆ. ಅದಕ್ಕೆ ಅತ್ಯುತ್ತಮ ಮರಾಠಿ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ನೋಡಿದವರಿಗೆ ಹಳೇ ಬಂಗಲೆಗಿಂತ ಹೊಸ ಟವರಿನ ಬಾಲ್ಕನಿಯೇ ಹೆಚ್ಚು ಭಯಾನಕವಾಗಿ ಕಾಣುತ್ತದೆ.

ಈ ಪರಂಪರೆಯಲ್ಲಿ ಅವರು ಒಬ್ಬರೇ ಅಲ್ಲ. ಪುಣೆಯ ನಾರಾಯಣ ಧಾರಪರು (1925-2008) ಅವರಿಗಿಂತ ಹಿರಿಯರು. 2018ರ 'ತುಂಬಾಡ್' ಹಿಂದಿ ಸಿನಿಮಾದ ಬೀಜ ಧಾರಪರ ಕಥೆಯೊಂದರಿಂದ ಬಂದದ್ದು. ಆ ಸಿನಿಮಾ 2024ರಲ್ಲಿ ಮರುಬಿಡುಗಡೆಯಾದಾಗ ಟಿಕೆಟಿಗೆ ನೂಕುನುಗ್ಗಲಾಯಿತು. ಆದರೆ ಚಿತ್ರಮಂದಿರದಿಂದ ಹೊರಬಂದ ಹಿಂದಿ ಪ್ರೇಕ್ಷಕರಲ್ಲಿ ಎಷ್ಟು ಜನ ಧಾರಪರ ಹೆಸರು ಹುಡುಕಿಕೊಂಡು ಹೋಗಿರಬಹುದು? ಕಥೆ ಉಳಿಯುತ್ತದೆ, ಕಥೆಗಾರ ಅಳಿಯುತ್ತಾನೆ. ಹೆಸರು ಮತ್ತು ಕಥೆಯನ್ನು ಮತ್ತೆ ಜೋಡಿಸುವ ಕೆಲಸವನ್ನು ಯಾರಾದರೂ ಕೈಯಾರೆ ಮಾಡಬೇಕು. ಸ್ಮರಣೆ ಎಂದರೆ ಅದೇ.

ಜಾಗ ಇಲ್ಲದ ಊರು

ಮುಂಬಯಿಯಲ್ಲಿ ಬದುಕಿದವರಿಗೇ ಜಾಗವಿಲ್ಲ, ಸತ್ತವರಿಗೆಲ್ಲಿಂದ ಬರಬೇಕು? ಜುಹೂವಿನ ಮುಸ್ಲಿಂ ಕಬರಸ್ತಾನದಲ್ಲಿ ಕವಿ ಸಾಹಿರ್ ಲುಧಿಯಾನ್ವಿಯವರ ಗೋರಿ ಇತ್ತು. 1980ರ ಅಕ್ಟೋಬರ್ 25ರಂದು ತೀರಿಕೊಂಡ ಅವರನ್ನು ಅಲ್ಲಿ ಮಣ್ಣು ಮಾಡಲಾಗಿತ್ತು. ಗಾಯಕ ಮೊಹಮ್ಮದ್ ರಫಿ, ನಟಿ ಮಧುಬಾಲಾ ಅವರ ಗೋರಿಗಳೂ ಅಲ್ಲಿಯೇ ಇದ್ದವು. 2010ರಲ್ಲಿ ಹೊಸ ದಫನಗಳಿಗೆ ಜಾಗ ಬೇಕೆಂದು ಈ ಗೋರಿಗಳ ಕಟ್ಟಡಗಳನ್ನು ತೆಗೆದುಹಾಕಲಾಯಿತು. ಈಗಲೂ ರಫಿಯವರ ಹುಟ್ಟಿದ ದಿನ, ಸತ್ತ ದಿನ ಅಭಿಮಾನಿಗಳು ಅಲ್ಲಿಗೆ ಹೋಗುತ್ತಾರೆ. ಹತ್ತಿರದ ಒಂದು ತೆಂಗಿನಮರ ಅವರಿಗೆ ಗುರುತು.

ಇದಕ್ಕೆ ಕಬರಸ್ತಾನದವರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಇವತ್ತು ಸತ್ತ ಹಮಾಲನಿಗೂ ಆರಡಿ ಜಾಗ ಬೇಕು, ಮೂವತ್ತು ವರ್ಷದ ಹಿಂದೆ ಸತ್ತ ಕವಿಗಾಗಿ ಅವನನ್ನು ವಾಪಸು ಕಳಿಸಲಾಗದು. ಕ್ರೈಸ್ತರ ಸ್ಮಶಾನಗಳಲ್ಲೂ ವರ್ಷಗಳ ಮೇಲೆ ಮೂಳೆಗಳನ್ನು ಗೋಡೆಯ ಗೂಡಿಗೆ ಸೇರಿಸಿ ಅದೇ ಗುಂಡಿಯನ್ನು ಮತ್ತೆ ಬಳಸುವ ರೂಢಿ ಇದೆ. ಹಿಂದೂಗಳ ಬೂದಿ ನೀರಿಗೆ ಸೇರುತ್ತದೆ. ಜಾಗಕ್ಕಾಗಿ ಎಂಥ ಜಗಳ ನಡೆಯುತ್ತದೆ ಎಂಬುದನ್ನು 2020 ತೋರಿಸಿತು. ಆ ವರ್ಷದ ಮಾರ್ಚ್ 30ರಂದು ಮಹಾನಗರಪಾಲಿಕೆ ಸೋಂಕಿನಿಂದ ಸತ್ತ ಎಲ್ಲರನ್ನೂ ಧರ್ಮಭೇದವಿಲ್ಲದೆ ಸುಡಬೇಕೆಂದು ಆದೇಶ ಹೊರಡಿಸಿ, ಕೆಲವೇ ಗಂಟೆಗಳಲ್ಲಿ ಹಿಂತೆಗೆದುಕೊಂಡಿತು. ಬಾಂದ್ರಾದ ಕಬರಸ್ತಾನದಲ್ಲಿ ಅಂಥವರನ್ನು ಹೂಳಬಾರದೆಂದು ನೆರೆಯವರು ಕೋರ್ಟಿಗೆ ಹೋದರು. ಗೌರವದ ಅಂತ್ಯಸಂಸ್ಕಾರ ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಬರುತ್ತದೆಂದು ಬಾಂಬೆ ಹೈಕೋರ್ಟ್ ಹೇಳಿದ್ದು ಮೇ 22ರಂದು, ಮತಕರಿಯವರು ಹೋದ ಐದನೇ ದಿನ.

ಕಲ್ಲು ಉಳಿದಿರುವ ಜಾಗಗಳೂ ಇವೆ. ಇಂಗ್ಲಿಷಿನವರ ಬಾಯಲ್ಲಿ ಸ್ಯೂರಿಯಾದ ಶಿವಡಿಯ ಕ್ರೈಸ್ತ ಸ್ಮಶಾನ 1860ರ ದಶಕದ್ದು. ವಿಕ್ಟೋರಿಯಾ ಟರ್ಮಿನಸ್ಸಿನ ಶಿಲ್ಪಿ ಎಫ್.ಡಬ್ಲ್ಯು. ಸ್ಟೀವನ್ಸ್ 1900ರಲ್ಲಿ ಮಲೇರಿಯಾದಿಂದ ಸತ್ತು ಅಲ್ಲಿ ಮಲಗಿದ್ದಾನೆ. ಗೇಟ್‌ವೇ ಆಫ್ ಇಂಡಿಯಾ ಕಟ್ಟಿಸಿದ ಜಾರ್ಜ್ ವಿಟೆಟ್ 1926ರಲ್ಲಿ ಅಲ್ಲಿಗೇ ಬಂದ. ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಸಿಕ್ಕಿತು. ಗಾಥಿಕ್ ಕಲ್ಲಿಗೆ ಅಷ್ಟೆಲ್ಲ ಮರ್ಯಾದೆ ಇರುವ ಊರಿನಲ್ಲಿ ಗಾಥಿಕ್ ಕಥೆ ಬರೆದವರಿಗೆ ಒಂದು ಕೋಣೆಯಷ್ಟಾದರೂ ಜಾಗ ಸಿಗಬೇಡವೇ?

ಅದೇ ಶಿವಡಿಯಲ್ಲಿ ಕವಿ ಡಾಮ್ ಮೊರೇಸ್ ಸಮಾಧಿ ಇದೆ. ಮುಂಬಯಿಯ ಇಂಗ್ಲಿಷ್ ಕಾವ್ಯಕ್ಕೆ 2004 ಕೆಟ್ಟ ವರ್ಷ. ಜನವರಿಯಲ್ಲಿ ನಿಸ್ಸಿಂ ಎಝೆಕಿಲ್ ಹೋದರು, ಜೂನ್ 2ರಂದು ಮೊರೇಸ್, ಸೆಪ್ಟೆಂಬರಿನಲ್ಲಿ ಅರುಣ್ ಕೊಲಟ್ಕರ್. ಇಂಗ್ಲೆಂಡಿನ ಆಡ್‌ಕೂಂಬ್ ಎಂಬ ಹಳ್ಳಿ ಮೊರೇಸರಿಗೆ ಇಷ್ಟವಾಗಿತ್ತು. ಅಲ್ಲಿಂದ ಹಿಂದೂಸ್ತಾನಕ್ಕೆ ನಡೆದು ಬಂದ ಹಳೆಯ ಪ್ರವಾಸಿ ಥಾಮಸ್ ಕೋರಿಯಟ್ ಬಗ್ಗೆ ಅವರು ಸರಯೂ ಶ್ರೀವತ್ಸರೊಂದಿಗೆ ಪುಸ್ತಕ ಬರೆದಿದ್ದರು. ಮೊರೇಸರ ಆಸೆಯಂತೆ ಶ್ರೀವತ್ಸರು ಶಿವಡಿಯ ಸಮಾಧಿಯ ಮಣ್ಣನ್ನು ಒಯ್ದು, ಅವರಿಗೆ 66 ತುಂಬಬೇಕಿದ್ದ ಜುಲೈ 19ರಂದು ಆ ಹಳ್ಳಿಯಲ್ಲಿ ಹೂತರು. ಒಂದು ಹಿಡಿ ಮಣ್ಣು, ಒಂದು ಪುಸ್ತಕ, ಅವೆರಡನ್ನೂ ಹಿಡಿದುಕೊಂಡು ಹೋಗುವ ಒಬ್ಬ ಸ್ನೇಹಿತೆ. ಇದಕ್ಕಿಂತ ಒಳ್ಳೆಯ ಸ್ಮಾರಕವನ್ನು ಯಾವ ಸರ್ಕಾರವೂ ಕಟ್ಟಿದಂತಿಲ್ಲ.

'ಇದು ನಮ್ಮ ಪದ್ಧತಿಯಲ್ಲ' ಎನ್ನುವವರಿಗೆ

ಸಮಾಧಿ ನೋಡಲು ಹೋಗುವುದು ಪಾಶ್ಚಾತ್ಯರ ಚಟ, ಸ್ಮಶಾನಕ್ಕೆ ಹೋಗಿ ಬಂದರೆ ಸ್ನಾನ ಮಾಡುವ ಜನರಿಗೆ ಅದು ಒಗ್ಗದು ಎಂಬ ಆಕ್ಷೇಪ ಬಂದೇ ಬರುತ್ತದೆ. ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲುಗಳ ನಾಡಿನವರು ಆ ಮಾತಾಡುವ ಮುಂಚೆ ಯೋಚಿಸಬೇಕು. ಸತ್ತವನ ಹೆಸರು, ಸತ್ತ ಕಾರಣ, ಕಲ್ಲು ನಿಲ್ಲಿಸಿದವನ ಹೆಸರು ಎಲ್ಲವನ್ನೂ ಕನ್ನಡದಲ್ಲಿ ಕೆತ್ತಿ ಊರ ಬಾಗಿಲಲ್ಲಿ ನಿಲ್ಲಿಸಿದ್ದು ಇದೇ ನೆಲ. ಮುಂಬಯಿಗೂ ಅದು ಹೊಸದಲ್ಲ. ಬೊರಿವಿಲಿಯ ಎಕ್ಸಾರದಲ್ಲಿ ಶಿಲಾಹಾರರ ಕಾಲದವೆಂದು ಗುರುತಿಸಲಾದ ವೀರಗಲ್ಲುಗಳಿವೆ. ಹಡಗುಗಳ ಮೇಲೆ ಹೋರಾಡಿ ಸತ್ತವರ ಸಾಲು ಸಾಲು ಚಿತ್ರ ಅವುಗಳ ಮೇಲಿದೆ. ಸುತ್ತ ಕಟ್ಟಡಗಳು ಎದ್ದಿವೆ, ಕಲ್ಲುಗಳು ನಿಂತಿವೆ.

ಅದಕ್ಕಿಂತ ದೊಡ್ಡ ಉದಾಹರಣೆ ದಾದರಿನಲ್ಲೇ ಇದೆ. ಡಾ. ಬಿ.ಆರ್. ಅಂಬೇಡ್ಕರ್ 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು. ಮರುದಿನ ದಾದರಿನ ಕಡಲತೀರದಲ್ಲಿ ಅಂತ್ಯಸಂಸ್ಕಾರವಾಯಿತು. ಇಂದು ಚೈತ್ಯಭೂಮಿ ಎನ್ನುವ ಆ ಜಾಗಕ್ಕೆ ಪ್ರತಿವರ್ಷ ಡಿಸೆಂಬರ್ 6ರಂದು ಲಕ್ಷಾಂತರ ಜನ ಬರುತ್ತಾರೆ. ವಿದರ್ಭದಿಂದ, ಮರಾಠವಾಡದಿಂದ ರೈಲುಗಳಲ್ಲಿ ಬಂದವರು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ದರ್ಶನ ಮುಗಿಸಿ ಅವರು ಹೋಗುವುದು ಪಕ್ಕದ ಶಿವಾಜಿ ಪಾರ್ಕಿನ ಪುಸ್ತಕದಂಗಡಿಗಳಿಗೆ. ಹತ್ತಿಪ್ಪತ್ತು ರೂಪಾಯಿಯ ಕಿರುಹೊತ್ತಗೆಯಿಂದ ಹಿಡಿದು ದಪ್ಪ ಸಂಪುಟಗಳವರೆಗೆ ಕೊಂಡು, ಚೀಲದಲ್ಲಿ ಹೊತ್ತು ವಾಪಸು ರೈಲು ಹತ್ತುತ್ತಾರೆ. ಒಬ್ಬ ಬರಹಗಾರನ ಸಾವಿನ ದಿನ ಓದುವ ದಿನವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಅಲ್ಲಿ ಸಮಾಧಿ ಕೊನೆಯ ನಿಲ್ದಾಣವಲ್ಲ, ಪುಸ್ತಕದಂಗಡಿಗೆ ಹೋಗುವ ದಾರಿ.

ಎಲ್ಲ ಲೇಖಕರಿಗೂ ಅಷ್ಟು ಜನ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅಂಬೇಡ್ಕರರು ಆ ಜನರಿಗೆ ಬರೀ ಲೇಖಕರಲ್ಲ. ಆದರೆ ಕ್ರಮ ಮಾತ್ರ ಕಲಿಯಬಹುದಾದದ್ದು.

ಭೂತ ತೋರಿಸುವ ವ್ಯಾಪಾರ

ಅಪಾಯವೂ ಸಣ್ಣದಲ್ಲ. ಗೂಢಕಥೆಗಾರನ ಹೆಸರು, ಸ್ಮಶಾನದ ನಡಿಗೆ ಎರಡೂ ಸೇರಿದೊಡನೆ ಟಾರ್ಚು, ಕಪ್ಪು ಬಟ್ಟೆ, ಕಿರುಚಾಟದ ರೆಕಾರ್ಡು ಮಾರುವವರು ಬರುತ್ತಾರೆ. ರೀಲ್ಸ್ ತೆಗೆಯಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಶಿವಡಿಯಾಗಲಿ ಜುಹೂವಾಗಲಿ ವಸ್ತುಸಂಗ್ರಹಾಲಯಗಳಲ್ಲ, ಜನ ಇವತ್ತೂ ತಮ್ಮವರನ್ನು ಅಲ್ಲಿ ಮಣ್ಣು ಮಾಡುತ್ತಾರೆ. ಒಂದು ಕಡೆ ತಾಯಿಯನ್ನು ಕಳಕೊಂಡವಳು ಅಳುತ್ತಿರುವಾಗ ಇನ್ನೊಂದು ಕಡೆ ಮುಖಕ್ಕೆ ಸುಣ್ಣ ಬಳಿದುಕೊಂಡ ಹುಡುಗರು ಫೋಟೋಕ್ಕೆ ನಿಂತರೆ ಆ ನಡಿಗೆಯನ್ನು ಅಂದೇ ನಿಲ್ಲಿಸಬೇಕು. ಮತಕರಿಯವರಿಗೂ ಅದು ಅವಮಾನ. ಭೂತದ ವೇಷಕ್ಕೂ ಭಯಕ್ಕೂ ಇರುವ ವ್ಯತ್ಯಾಸ ಹೇಳಲೆಂದೇ ಅವರು ಕಥೆ ಬರೆದರು.

ಹಾಗಾಗಿ ಕೆಲವು ಕಟ್ಟುನಿಟ್ಟು ಬೇಕು. ನಡಿಗೆ ಬೆಳಗಿನ ಹೊತ್ತು ನಡೆಯಲಿ. ಆಯಾ ಸ್ಮಶಾನದ ಆಡಳಿತದವರ ಒಪ್ಪಿಗೆ ಇಲ್ಲದೆ ಒಳಗೆ ಹೆಜ್ಜೆ ಇಡಕೂಡದು. ಒಂದು ತಂಡದಲ್ಲಿ ಹದಿನೈದು ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ. ಹೆಸರಾಂತರ ಸಮಾಧಿಯ ಹೊರತು ಬೇರೆ ಯಾರ ಗೋರಿಯ ಫೋಟೋವನ್ನೂ ತೆಗೆಯಕೂಡದು. ಪ್ರತಿ ನಿಲುಗಡೆಯಲ್ಲಿ ಮಾರ್ಗದರ್ಶಕರ ಮಾತು ಐದು ನಿಮಿಷ, ಆ ಲೇಖಕರ ಬರಹದ ಓದು ಹತ್ತು ನಿಮಿಷ. ಬಂದವರು ಗೈಡಿನ ಜೋಕು ನೆನಪಿಟ್ಟುಕೊಂಡು ಹೋದರೆ ಸೋಲು, ಒಂದು ಪುಟ ನೆನಪಿಟ್ಟುಕೊಂಡು ಹೋದರೆ ಗೆಲುವು.

ಮತಕರಿಯವರ ಸಮಾಧಿ ಇಲ್ಲವಲ್ಲ, ನಡಿಗೆ ಎಲ್ಲಿ ಮುಗಿಯಬೇಕು? ರಂಗಮಂದಿರದಲ್ಲಿ. ಮೇ ತಿಂಗಳು ಮರಾಠಿ ಮಕ್ಕಳ ನಾಟಕದ ಸುಗ್ಗಿ. ಶಾಲೆಗೆ ರಜೆ ಇರುತ್ತದೆ, ತಂದೆತಾಯಿ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಲು ದಾರಿ ಹುಡುಕುತ್ತಿರುತ್ತಾರೆ. ಬೆಳಿಗ್ಗೆ ಶಿವಡಿ, ಸಂಜೆ ದಾದರಿನಲ್ಲಿ ಒಂದು ಬಾಲನಾಟಕ. ಭಯದ ಕಥೆಗಾರನ ಪುಣ್ಯತಿಥಿ ಮಕ್ಕಳ ನಗುವಿನಲ್ಲಿ ಮುಗಿದರೆ ಅದರಲ್ಲಿ ತಪ್ಪೇನೂ ಇಲ್ಲ, ಅವರು ಎರಡನ್ನೂ ಬರೆದವರು.

ಮಳೆಗಾಲಕ್ಕೆ ಮುಂಚೆ

ಪ್ರದರ್ಶನದ ಮಾತು ನಡಿಗೆಗಿಂತ ತುರ್ತಿನದು. ಮುಂಬಯಿಯಲ್ಲಿ ಕಾಗದದ ಶತ್ರುಗಳು ಎರಡು. ಒಂದು, ನಾಲ್ಕು ತಿಂಗಳ ಮಳೆ. ಕಪಾಟಿನ ಹಿಂಬದಿಯ ಗೋಡೆ ಒದ್ದೆಯಾಗಿ, ಬೂಷ್ಟು ಹಿಡಿದು, ಗೆದ್ದಲು ಬಂದು, ಹಸ್ತಪ್ರತಿ, ನಾಟಕದ ಕರಪತ್ರ, ಫೋಟೋಗಳನ್ನು ತಿನ್ನುತ್ತವೆ. ಎರಡನೆಯದು, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಭರಾಟೆ. ಬಿಲ್ಡರ್ ಬಂದ, ಬಾಡಿಗೆ ಮನೆಗೆ ಹೋಗಬೇಕು, ಸಾಮಾನು ಕಡಿಮೆ ಮಾಡಬೇಕು. ಮೊದಲು ರದ್ದಿಗೆ ಹೋಗುವುದು ಅಜ್ಜನ ಕಾಗದದ ಟ್ರಂಕು. ಕಬರಸ್ತಾನದ ಗೋರಿ ಹೋದದ್ದು ಸುದ್ದಿಯಾಯಿತು, ರದ್ದಿಯಂಗಡಿಗೆ ಹೋದ ಟ್ರಂಕು ಸುದ್ದಿಯಾಗುವುದಿಲ್ಲ. ವರ್ಷಕ್ಕೊಂದು ಪ್ರದರ್ಶನ ಇದ್ದರೆ, ಅದಕ್ಕೆಂದು ಯಾರೋ ಮನೆ ಮನೆಗೆ ಹೋಗಿ ಕೇಳುತ್ತಾರೆ, ಸ್ಕ್ಯಾನ್ ಮಾಡುತ್ತಾರೆ, ಪಟ್ಟಿ ಬರೆಯುತ್ತಾರೆ. ಪ್ರದರ್ಶನ ಒಂದು ವಾರಕ್ಕೆ ಮುಗಿದರೂ ಆ ಪಟ್ಟಿ ಉಳಿಯುತ್ತದೆ. ದಾದರಿನ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯದಂಥ ಹಳೆಯ ಸಂಸ್ಥೆಗಳು ಇದಕ್ಕೆ ಹೇಳಿ ಮಾಡಿಸಿದವು.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಏನು ಕೆಲಸ? ಬೇಕಾದಷ್ಟಿದೆ. ಬೇಂದ್ರೆಯವರು ಹುಟ್ಟಿದ್ದು ಧಾರವಾಡದಲ್ಲಿ, 1981ರ ಅಕ್ಟೋಬರ್ 26ರಂದು ತೀರಿಕೊಂಡದ್ದು ಮುಂಬಯಿಯಲ್ಲಿ. ಸಾಧನಕೇರಿಗೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಆದರೆ ಬೇಂದ್ರೆಯವರು ಕೊನೆಯುಸಿರೆಳೆದ ಊರಿನಲ್ಲಿ ಆ ದಿನ ಒಂದು ಗಂಟೆ ಕೂತು ಅವರನ್ನು ಓದುವ ವಾಡಿಕೆ ಬೇರೂರಿಲ್ಲ. ಯಶವಂತ ಚಿತ್ತಾಲರು 2014ರ ಮಾರ್ಚ್ 22ರಂದು ಇದೇ ನಗರದಲ್ಲಿ ಹೋದರು. ಅವರ 'ಶಿಕಾರಿ' (1979) ಗಾಥಿಕ್ ಕಾದಂಬರಿಯೆಂದು ಯಾರೂ ಕರೆಯುವುದಿಲ್ಲ. ಆದರೆ ದೊಡ್ಡ ಕಂಪನಿಯೊಂದರ ಅಧಿಕಾರಿ ನಾಗಪ್ಪ ತನ್ನ ತಪ್ಪೇನೆಂದು ತಿಳಿಯದೆ ಬೇಟೆಯ ಪ್ರಾಣಿಯಾಗುವ ಆ ಕಥೆಯಲ್ಲಿ ಇರುವುದು ಮತಕರಿಯವರ ಫ್ಲ್ಯಾಟಿನೊಳಗಿದ್ದ ಭಯವೇ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ನೌಕರಿ ಮಾಡುತ್ತ, ಎರಡು ಭಾಷೆಗಳಲ್ಲಿ ಇಬ್ಬರು ಅದೇ ಕತ್ತಲೆಯನ್ನು ಬರೆದರು. ಅವರಿಬ್ಬರನ್ನೂ ಒಂದೇ ಗೋಡೆಯ ಮೇಲೆ ತೂಗುಹಾಕಿದರೆ ಮುಂಬಯಿಯ ಬಗ್ಗೆ ಯಾವ ಪ್ರವಾಸಿ ಕೈಪಿಡಿಯೂ ಹೇಳದ ಸಂಗತಿಯೊಂದು ಕಾಣಿಸುತ್ತದೆ.

ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘ ಇದೆ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ದಾದರಿನಿಂದ ಮಾಟುಂಗಾಕ್ಕೆ ಒಂದೇ ಸ್ಟೇಷನ್. ಆದರೂ ಕನ್ನಡದ ಸಭೆಗೆ ಮರಾಠಿಯವರು, ಮರಾಠಿಯ ಸಭೆಗೆ ಕನ್ನಡದವರು ಬರುವುದು ಅಪರೂಪ. ಗಡಿಯ ಜಗಳದಲ್ಲಿ ಎರಡೂ ಭಾಷೆಗಳ ಹೆಸರು ಒಟ್ಟಿಗೆ ಬರುತ್ತದೆ, ಗ್ರಂಥಾಲಯದಲ್ಲಿ ಬರುವುದಿಲ್ಲ. ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಹೋಟೆಲಿನ ಅಟ್ಟದ ಮೇಲೆ ಕೂತು ಕನ್ನಡ ಕಾದಂಬರಿ ಓದಿದ ತಲೆಮಾರು ಮುಗಿಯುತ್ತ ಬಂದಿದೆ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿದಿದೆ. ಮುಂದಿನ ತಲೆಮಾರಿನ ಮುಂಬಯಿ ಕನ್ನಡಿಗ ಚಿತ್ತಾಲರನ್ನು ಓದುವುದಾದರೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಬೇಕಾದೀತು. ಹಾಗಾದರೂ ಓದಲಿ. ಅದಕ್ಕೆ ಈಗಲೇ ಎರಡೂ ಭಾಷೆಯವರು ಒಂದೇ ಕೋಣೆಯಲ್ಲಿ ಕೂರುವ ಅಭ್ಯಾಸ ಬೇಕು.

ಮೇ ತಿಂಗಳಲ್ಲಿ ಮುಂಬಯಿ ಕನ್ನಡಿಗರು ಊರಿಗೆ ಹೋಗಿರುತ್ತಾರೆ, ಸಭೆಗೆ ಯಾರು ಬರುತ್ತಾರೆ ಎಂದು ಸಂಘದ ಕಾರ್ಯದರ್ಶಿಗಳು ಹೇಳುವುದರಲ್ಲಿ ಸತ್ಯವಿದೆ. ದೊಡ್ಡ ಸಭೆ ಬೇಡ. 2020ರ ಆ ರಾತ್ರಿ ಇಪ್ಪತ್ತು ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ, ಈಗ ಇಪ್ಪತ್ತು ಜನ ಸೇರಿದರೆ ಸಾಕು. ಮಂತ್ರಿಗಳ ದೀಪ ಬೆಳಗಿಸುವಿಕೆ, ಶಾಲು, ಹಾರ, ಸ್ಮರಣಿಕೆ ಯಾವುದೂ ಬೇಕಿಲ್ಲ. ಮಾಟುಂಗಾದಲ್ಲೋ ದಾದರಿನಲ್ಲೋ ಒಂದು ಕೋಣೆ, ಗೋಡೆಯ ಮೇಲೆ ನಾಲ್ಕು ಹಳೆಯ ಪೋಸ್ಟರು, ಮೇಜಿನ ಮೇಲೆ ಮಾರಾಟಕ್ಕಿಟ್ಟ ಪುಸ್ತಕಗಳು. ಒಬ್ಬರು ಮತಕರಿಯವರ ಕಥೆಯೊಂದನ್ನು ಮರಾಠಿಯಲ್ಲಿ ಓದಲಿ, ಇನ್ನೊಬ್ಬರು ಅದರ ಕನ್ನಡ ಅನುವಾದವನ್ನು ಓದಲಿ. ಅನುವಾದ ಇಲ್ಲದಿದ್ದರೆ ಮಾಡಿಸಲು ಅದೇ ಕಾರಣವಾಗಲಿ. ಹಾಗೆ ವರ್ಷಕ್ಕೊಂದು ಕಥೆ ಕನ್ನಡಕ್ಕೆ ಬಂದರೂ ಹತ್ತು ವರ್ಷದಲ್ಲಿ ಒಂದು ಸಂಕಲನವಾಗುತ್ತದೆ. ಅದನ್ನು ಯಾವ ಬಿಲ್ಡರನೂ ಕೆಡವಲಾರ.